ಪರದೆಯ ಮೇಲೆ ಮಾಸ್ತರನ ನಡಿಗೆ

ಸಿಟ್ಟನ್ನು ಸುಲಭಕ್ಕೆ ಬಿಡುವವಳು ನಾನಲ್ಲ. ಸಾವಳಗಿಯ ನನ್ನ ತವರಿನಲ್ಲಿ ಇದು ಎಲ್ಲರಿಗೂ ಗೊತ್ತು. ಮದುವೆಯ ದಿನ ನನ್ನ ಸೀರೆಯ ಬಣ್ಣ ನೋಡಿ ಮೂಗು ಮುರಿದ ದೊಡ್ಡಪ್ಪನ ಮಗಳ ಮನೆಯಲ್ಲಿ ಇಂದಿಗೂ ನಾನು ಚಹಾ ಮುಟ್ಟುವುದಿಲ್ಲ. ಇಂಥವಳ ಮಗಳ ಬೆರಳಿನ ಗೆಣ್ಣುಗಳ ಮೇಲೆ ಒಬ್ಬ ಮಾಸ್ತರ ಫೂಟ್‌ಪಟ್ಟಿಯ ಅಂಚಿನಿಂದ ಬಾರಿಸಿದರೆ ನಾನು ಸುಮ್ಮನಿರುತ್ತೇನೆಯೇ? ಮಾಸ್ತರ ಎಂದ ಮೇಲೆ ಬಹುವಚನ ಹಚ್ಚಬೇಕು. ಹಚ್ಚುವುದಿಲ್ಲ. ಆತನನ್ನು ಊರ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದನ್ನು ಬರೆಯಲು ಕೂತಿದ್ದೇನೆ. ಬರೆಯುತ್ತ ಹೋದರೆ ನನ್ನ ಪಾಲಿನದೂ ಬರುತ್ತದೆ, ಅದನ್ನೂ ಬಿಡುವುದಿಲ್ಲ.

ಬನಹಟ್ಟಿಯ ನನ್ನ ಗಂಡನ ಮನೆಯ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಬೆಳಿಗ್ಗೆ ಕರೆಂಟ್ ಬಂದು ಒಮ್ಮೆ ಶುರುವಾದರೆ ಸಂಜೆಯವರೆಗೆ ಆ ಖಟಖಟ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನಿಂತವರ ಮಾತು ಕೇಳುವ ಪ್ರಶ್ನೆಯೇ ಇಲ್ಲ. ಮದುವೆಯಾಗಿ ಬಂದ ಮೊದಲ ವಾರ ನಾನು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಅತ್ತೆ ನಕ್ಕು ಕೈ ತೋರಿಸಿಕೊಟ್ಟರು. ಆ ಮನೆಯಲ್ಲಿ ಮಾತೆಲ್ಲ ಕೈಯಲ್ಲಿತ್ತು. ಹೆಬ್ಬೆರಳು ತುಟಿಗೆ ಹೋದರೆ ಚಹಾ. ಕಿರುಬೆರಳು ಅಲ್ಲಾಡಿದರೆ ಎಳೆ ಹರಿದಿದೆ. ಅಂಗೈ ಹೊಟ್ಟೆಯ ಮೇಲೆ ತಿರುಗಿದರೆ ಊಟಕ್ಕೆ ಏಳಿ. ಇಲ್ಲದ ಮೀಸೆಯನ್ನು ತಿರುವಿದರೆ ನೂಲಿನ ಸಾಹುಕಾರ ಬಾಗಿಲಲ್ಲಿ ನಿಂತಿದ್ದಾನೆ. ಒಂದು ವರ್ಷದಲ್ಲಿ ನಾನೂ ಅದರಲ್ಲಿ ಪಳಗಿದೆ. ಕೈಯಿಂದಲೇ ಅತ್ತೆಯೊಡನೆ ಜಗಳವನ್ನೂ ಆಡುವಷ್ಟು ಪಳಗಿದೆ.

ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ನನ್ನ ಮಗಳು ಹುಟ್ಟಿದಳು. ಮಗ್ಗಗಳ ಪಕ್ಕದ ಖೋಲಿಯಲ್ಲೇ ತೊಟ್ಟಿಲು. ಅಷ್ಟು ಸದ್ದಿನಲ್ಲೂ ಕೂಸು ಹಾಯಾಗಿ ಮಲಗುತ್ತಿತ್ತು. ಮಗ್ಗದ ಮನೆಗೆ ಹೇಳಿ ಮಾಡಿಸಿದ ಕೂಸು ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಎಚ್ಚರವಾದರೆ ಅದರ ಕಣ್ಣು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಬಣ್ಣದ ಕಾಗದದ ಗಿಳಿಯನ್ನು ನೋಡುತ್ತಿರಲಿಲ್ಲ, ಗಿರಗಿರ ತಿರುಗುವ ಮಗ್ಗದ ಚಕ್ರವನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದುದು ಮನುಷ್ಯರನ್ನು ಮಾತ್ರ. ಯಾರಾದರೂ ಬಗ್ಗಿದರೆ, ಎದ್ದರೆ, ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋದರೆ, ಕಣ್ಣು ಅವರ ಬೆನ್ನು ಹತ್ತಿ ಹೋಗುತ್ತಿತ್ತು.

ನಡೆಯಲು ಕಲಿತ ಮೇಲೆ ಹೊಸ್ತಿಲಲ್ಲಿ ಕೂರುವುದು ಅವಳ ಕೆಲಸವಾಯಿತು. ಓಣಿಯ ತುದಿಯಲ್ಲಿ ಮುಖ ಕಾಣದಷ್ಟು ದೂರದಲ್ಲಿ ಒಬ್ಬರು ತಿರುಗಿದರೆ ಸಾಕು, ಯಾರೆಂದು ಅವಳಿಗೆ ಗೊತ್ತಾಗುತ್ತಿತ್ತು. ಅಪ್ಪನಾದರೆ ಎದ್ದು ಓಡುವಳು. ಸಾಹುಕಾರನಾದರೆ ಒಳಗೆ ಬಂದು ತನ್ನ ಪುಟ್ಟ ಬೆರಳಿನಿಂದ ಮೇಲ್ದುಟಿಯ ಮೇಲೆ ಮೀಸೆ ತಿರುವುವಳು. ಮಗ್ಗದ ಮುಂದೆ ನಿಂತವರೆಲ್ಲ ನಕ್ಕು ಬೀಳುತ್ತಿದ್ದರು. ನನಗೆ ಹೆಮ್ಮೆ. ಈ ಓಣಿಯಲ್ಲಿ ಇಂಥ ಚುರುಕಿನ ಕೂಸು ಇನ್ನೊಂದಿಲ್ಲ ಎಂದು ನಾನೇ ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದೇನೆ.

ಅವಳಿಗೆ ಕಿವಿ ಕೇಳುವುದಿಲ್ಲ ಎಂಬುದು ಆರು ವರ್ಷ ನಮಗೆ ತಿಳಿಯಲಿಲ್ಲ.

ಓದುವವರು ನಗಬಹುದು. ಆದರೆ ಮಗ್ಗದ ಮನೆಯಲ್ಲಿ ಯಾರಿಗೆ ತಾನೇ ಕಿವಿ ಕೇಳುತ್ತದೆ? ಕೈ ತೋರಿಸಿದರೆ ಬರುತ್ತಿದ್ದಳು, ಕೈ ತೋರಿಸಿದರೆ ಉಣ್ಣುತ್ತಿದ್ದಳು. ಕರೆಂಟ್ ಹೋಗಿ ಮಗ್ಗ ನಿಂತಾಗ ನಾವೆಲ್ಲ ತಲೆ ಎತ್ತುವಂತೆ ಅವಳೂ ತಲೆ ಎತ್ತುತ್ತಿದ್ದಳು. ನೆಲದ ನಡುಕ ನಿಂತದ್ದು ಅವಳ ಅಂಗಾಲಿಗೆ ತಿಳಿಯುತ್ತಿತ್ತು ಎಂಬುದು ನಮಗೆ ಹೇಗೆ ಹೊಳೆಯಬೇಕು? ಕಿವಿ ಪೂರ್ತಿ ಸತ್ತಿರಲೂ ಇಲ್ಲ. ದಪ್ಪ ಸದ್ದು ಒಂದಿಷ್ಟು ಒಳಗೆ ಹೋಗುತ್ತಿತ್ತು, ಆದ್ದರಿಂದ ಯವ್ವಾ, ಅಪ್ಪಾ ಎಂಬಂಥ ನಾಲ್ಕಾರು ಮಾತು ಮೂಗಿನಲ್ಲಿ ಆಡುತ್ತಿದ್ದಳು. ಮಾತು ತಡವಾಯಿತಲ್ಲ ಎಂದು ನಾನು ಕಳವಳಪಟ್ಟರೆ ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. "ನಿನ್ನ ಗಂಡನೂ ಐದ ವರ್ಷಕ್ಕ ಬಾಯಿ ಬಿಟ್ಟಾಂವ. ಮಗ್ಗದ ಮನಿ ಕೂಸಗೋಳು ಹಂಗ ಬೇ," ಎಂದರು. ನಾನೂ ನಂಬಿದೆ.

ಇನ್ನೊಂದು ಕಾರಣವೂ ಇತ್ತು. ಹಿಂದಿನಿಂದ ಎಷ್ಟು ಮೆಲ್ಲಗೆ ಹೋದರೂ ನಾನು ಮುಟ್ಟುವ ಮೊದಲೇ ಅವಳು ತಟ್ಟನೆ ತಿರುಗುತ್ತಿದ್ದಳು. ಕಿವುಡರು ಹಾಗೆ ತಿರುಗುತ್ತಾರೆಯೇ? ಆದರೆ ದೂರದಿಂದ ಕರೆದರೆ ಕಲ್ಲಿನಂತೆ ಕೂತಿರುತ್ತಿದ್ದಳು. ಎದುರಿಗಿದ್ದಾಗ ಅಷ್ಟು ಚುರುಕಾದವಳು ಬೆನ್ನು ಮಾಡಿದಾಗ ಹೀಗೆ ಮಾಡಿದರೆ ಅದು ಹಟವಲ್ಲದೆ ಇನ್ನೇನು ಎಂದುಕೊಂಡೆ. ಆಗೀಗ ಒಂದೆರಡು ಏಟು ಕೊಟ್ಟಿದ್ದೇನೆ. ಒಲೆಯ ಮೇಲೆ ಪಲ್ಯ ಸೀಯುತ್ತಿರುವಾಗ, ನೂಲು ಸುತ್ತುವ ಕೆಲಸ ಅರ್ಧಕ್ಕೆ ನಿಂತಿರುವಾಗ, ನಾಲ್ಕು ಸಲ ಕೂಗಿದರೂ ಬಾರದ ಮಗುವಿಗೆ ಯಾವ ತಾಯಿ ಏಟು ಕೊಟ್ಟಿಲ್ಲ?

ಆರನೆಯ ವರ್ಷಕ್ಕೆ ಶಾಲೆಗೆ ಹಾಕಿದೆವು. ಒಂದನೇ ಇಯತ್ತೆಗೆ ಈ ಮಾಸ್ತರ. ಬೀಳಗಿಯ ಕಡೆಯವನು. ಅವನ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು, ಮನೆ ಹೊಲ ಎಲ್ಲ ನೀರಿನ ಕೆಳಗೆ ಹೋಗಿತ್ತು. ಪಾಪ, ನೊಂದ ಮನುಷ್ಯ, ಅದಕ್ಕೇ ಸ್ವಲ್ಪ ಸಿಡಿಮಿಡಿ ಎಂದು ಆಮೇಲೆ ಬಹಳ ಜನ ನನಗೆ ಬುದ್ಧಿ ಹೇಳಲು ಬಂದರು. ಆಣೆಕಟ್ಟು ನನ್ನ ಮಗಳು ಕಟ್ಟಿಸಿದ್ದಳೇ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದೆ.

ಆತ ಹಲಗೆಯ ಕಡೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಮಾಡಿ ಪಾಠ ಹೇಳುತ್ತಿದ್ದ. ಬೆನ್ನಿನಿಂದ ಬಂದ ಪ್ರಶ್ನೆಗೆ ನನ್ನ ಮಗಳು ಏನು ಉತ್ತರ ಕೊಡಬೇಕು? ಉತ್ತರ ಬಾರದಿದ್ದರೆ ಕೈ ಚಾಚಿಸಿ ಗೆಣ್ಣಿನ ಮೇಲೆ ಪಟ್ಟಿ. ಮೊದಲ ದಿನ ಕೈ ಕೆಂಪಾಗಿತ್ತು. ವಾರ ಕಳೆಯುವಷ್ಟರಲ್ಲಿ ಮೂರು ಬೆರಳು ಬಾತು ಅನ್ನ ಕಲಸಲು ಬಾರದಾಯಿತು. ನಾನು ಎಣ್ಣೆ ಕಾಯಿಸಿ ಹಚ್ಚುತ್ತಿದ್ದಾಗ ಅವಳು ಅಳಲಿಲ್ಲ. ಎದ್ದು ನಿಂತು, ಎಡಗೈಯ ಮೇಲೆ ಇಲ್ಲದ ಗಡಿಯಾರದ ಪಟ್ಟಿಯನ್ನು ಮೊಣಕೈ ಕಡೆಗೆ ಸರಿಸಿ, ಎಡಭುಜ ಇಳಿಬಿಟ್ಟು, ತೊಡೆಗೆ ಮೂರು ಸಲ ಏನನ್ನೋ ಬಡಿಯುತ್ತ ನನ್ನ ಕಡೆ ನಡೆದು ಬಂದಳು. ಆವರೆಗೆ ಆ ಮಾಸ್ತರನನ್ನು ನಾನು ಕಂಡಿರಲಿಲ್ಲ. ಮರುದಿನ ಶಾಲೆಗೆ ಹೋದಾಗ ಅಂಗಳದಲ್ಲಿದ್ದ ನಾಲ್ವರು ಮಾಸ್ತರರಲ್ಲಿ ಈತನೇ ಎಂದು ಯಾರನ್ನೂ ಕೇಳದೆ ಗುರುತು ಹಿಡಿದೆ.

ಕೈ ಬಾತದ್ದನ್ನು ಹೇಳಿದೆ. ಆತ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ನೋಡವಾ ತಂಗಿ, ಇಕಿ ತಲಿ ನಡ್ಯಾಂಗಿಲ್ಲ. ಸುಮ್ನ ಸಾಲಿ ಬಿಡಸ್ರಿ, ಮನ್ಯಾಗ ಕಂಡಕಿ ಸುತ್ತಲಿ," ಎಂದ. ಕಂಡಕಿ ಸುತ್ತುವುದೆಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಕಡ್ಡಿಗೆ ಸುತ್ತುವ ಕೆಲಸ. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳ ಬಾಳು ಅದರಲ್ಲೇ ಮುಗಿದಿದೆ. ನನ್ನದೂ ಸೇರಿ. ಸಾವಳಗಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ ಮನೆಯಲ್ಲಿ ಕೂತವಳು ನಾನು. ಮಗಳು ಕೂರಬಾರದು ಎಂಬ ಒಂದೇ ಆಸೆಯಿಂದ ಅವಳನ್ನು ಆ ಬಾಗಿಲಿಗೆ ತಂದು ಬಿಟ್ಟಿದ್ದೆ. ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಿಂತು ಮನಸ್ಸಿನಲ್ಲಿ ಹೇಳಿಕೊಂಡೆ, ನಿನ್ನನ್ನು ನೀರು ಕುಡಿಸದೆ ಬಿಡುವುದಿಲ್ಲ ಎಂದು.

ಶಾಲೆಯ ದೊಡ್ಡ ಬಾಯಾರು, ಎಂದರೆ ಮುಖ್ಯೋಪಾಧ್ಯಾಯಿನಿ, ಒಳ್ಳೆಯವರು. ಒಮ್ಮೆ ಬೆಳಗಾವಿಗೆ ಕರೆದುಕೊಂಡು ಹೋಗಿ ದೊಡ್ಡ ದವಾಖಾನೆಯಲ್ಲಿ ತೋರಿಸಿ, ಡಾಕ್ಟರ ಕಾಗದ ತಂದರೆ ನೋಡೋಣ ಎಂದರು. ನಾನೂ ಗಂಡನೂ ಕರೆದುಕೊಂಡು ಹೋದೆವು. ಕಿವಿಯ ಪರೀಕ್ಷೆ ಒಂದು ಗಂಟೆಯಲ್ಲಿ ಮುಗಿಯಿತು. ಕೇಳುವುದಿಲ್ಲ ಎಂದರು. ನನ್ನ ಗಂಡ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನನಗೆ ಅಳು ಬರಲಿಲ್ಲ, ಮಾಸ್ತರನ ಮುಖ ಕಣ್ಣ ಮುಂದೆ ಬಂತು. ಕೇಳದ ಮಗುವನ್ನು ಕೇಳಲಿಲ್ಲವೆಂದು ಹೊಡೆದಿದ್ದಾನೆ. ಈಗ ನನ್ನ ಕೈಯಲ್ಲಿ ಕಾಗದವಿದೆ ಎಂದುಕೊಂಡೆ.

ಆಮೇಲೆ ಮಕ್ಕಳ ವಿಭಾಗದ ಒಬ್ಬ ಹೆಣ್ಣು ಡಾಕ್ಟರ ಬಳಿ ಕಳಿಸಿದರು. ಬುದ್ಧಿ ಹೇಗಿದೆ ಎಂದು ನೋಡುವುದಕ್ಕೆ. ಅವರು ಒಂದು ಕಂಪ್ಯೂಟರ್ ಮುಂದೆ ನನ್ನ ಮಗಳನ್ನು ಕೂರಿಸಿದರು. ಕಪ್ಪು ಪರದೆ, ಅದರ ಮೇಲೆ ಹನ್ನೆರಡು ಹದಿಮೂರು ಬಿಳಿ ಚುಕ್ಕೆ. ಮುಖವಿಲ್ಲ, ಬಟ್ಟೆಯಿಲ್ಲ. ಚುಕ್ಕೆಗಳು ನಿಂತಿರುವಾಗ ಯಾರೋ ಜೋಳ ಚೆಲ್ಲಿದಂತಿತ್ತು. ಅಲುಗಿದ್ದೇ ತಡ, ಒಬ್ಬ ಮನುಷ್ಯ ನಡೆಯುತ್ತಿದ್ದ. ಭುಜ, ಮೊಣಕೈ, ಸೊಂಟ, ಮೊಣಕಾಲು, ಹಿಮ್ಮಡಿ ಇಂಥ ಜಾಗಗಳಿಗಷ್ಟೇ ಬೆಳಕು ಅಂಟಿಸಿ ತೆಗೆದ ಚಿತ್ರವಂತೆ ಅದು. ನನಗೆ ಬೆರಗಾಯಿತು. ಮಗಳಿಗೆ ಏನೂ ಬೆರಗಾಗಲಿಲ್ಲ. ಒಂದೊಂದು ಚಿತ್ರ ಮುಗಿದ ಕೂಡಲೇ ಎದ್ದು ಅದನ್ನು ಮಾಡಿ ತೋರಿಸಿದಳು. ಮೆಟ್ಟಿಲು ಹತ್ತುವುದು, ಚೆಂಡು ಒದೆಯುವುದು, ಭಾರ ಹೊತ್ತು ನಡೆಯುವುದು. ಚಿತ್ರವನ್ನು ತಲೆಕೆಳಗು ಮಾಡಿದಾಗ ಮಾತ್ರ ತಡವರಿಸಿದಳು, ಕತ್ತು ವಾಲಿಸಿ ನೋಡಿದಳು. ಎಲ್ಲ ಮಕ್ಕಳೂ ಹಾಗೆಯೇ, ದೊಡ್ಡವರೂ ಹಾಗೆಯೇ ಎಂದು ಡಾಕ್ಟರು ನಕ್ಕರು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಮನುಷ್ಯನ ಚಲನೆಯ ಕಡೆಗೆ ಕೂಸಿನ ಕಣ್ಣು ಬಹಳ ಬೇಗ ಹೊರಳುತ್ತದೆ. ಕೆಲವೇ ತಿಂಗಳ ಕೂಸು ಕೂಡ, ಚೆಲ್ಲಾಪಿಲ್ಲಿ ಓಡುವ ಚುಕ್ಕೆಗಳನ್ನು ಬಿಟ್ಟು ಮನುಷ್ಯನಂತೆ ನಡೆಯುವ ಚುಕ್ಕೆಗಳನ್ನು ನೋಡುತ್ತದೆ. ಮಿದುಳಿನಲ್ಲಿ ಕಿವಿಯ ಮೇಲ್ಭಾಗದ ಹತ್ತಿರ ಈ ಕೆಲಸಕ್ಕೆಂದೇ ಒಂದು ಜಾಗವಿದೆ, ಆದರೆ ಅದು ಒಂದೇ ಸಲಕ್ಕೆ ಬಲಿಯುವುದಿಲ್ಲ. ಇದು ಮನುಷ್ಯ ಎಂಬುದು ಮೊದಲು ತಿಳಿಯುತ್ತದೆ. ಏನು ಮಾಡುತ್ತಿದ್ದಾನೆ ಎಂಬುದು ಆಮೇಲೆ. ಯಾವ ಮನಸ್ಸಿನಲ್ಲಿದ್ದಾನೆ, ಮುಂದೆ ಏನು ಮಾಡಲಿದ್ದಾನೆ ಎಂಬುದು ಇನ್ನೂ ಆಮೇಲೆ. ನೋಡಿ ನೋಡಿ, ಶಾಲೆಯ ವಯಸ್ಸು ಮುಗಿಯುವವರೆಗೂ ಅದು ಪಳಗುತ್ತಲೇ ಇರುತ್ತದೆ. ನಿಮ್ಮ ಮಗಳು ಈ ವಯಸ್ಸಿಗೇ ಬಹಳ ಮುಂದೆ ಹೋಗಿದ್ದಾಳೆ, ಬುದ್ಧಿಗೆ ಏನೂ ಆಗಿಲ್ಲ ಎಂದರು. ಯಾವ ಚಲನೆಯನ್ನು ತಿಳಿಯದಿದ್ದರೆ ಬದುಕು ನಡೆಯುವುದಿಲ್ಲವೋ ಅದನ್ನು ಮಗು ಎಲ್ಲಕ್ಕಿಂತ ಚೆನ್ನಾಗಿ ಕಲಿಯುತ್ತದೆ ಎಂದೂ ಹೇಳಿದರು.

ಕೊನೆಗೆ ಇನ್ನೊಂದು ಚಿತ್ರ ಹಾಕಿದರು. ಮತ್ತೆ ಚುಕ್ಕೆಗಳ ನಡಿಗೆಯೇ. ನನಗೆ ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಗಳು ಮಾತ್ರ ಕುರ್ಚಿಯಿಂದ ಇಳಿದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಇದು ಸಿಟ್ಟಿನಲ್ಲಿ ಬರುವವರ ನಡಿಗೆ ಎಂದು ಡಾಕ್ಟರು ನನಗೆ ಹೇಳಿದರು. ಚಿತ್ರ ನಿಲ್ಲಿಸಿ, ಮಗುವಿಗೆ ಯಾರಾದರೂ ಹೊಡೆಯುತ್ತಾರೆಯೇ ಎಂದು ಕೇಳಿದರು.

ಹೌದು, ಶಾಲೆಯ ಮಾಸ್ತರ ಹೊಡೆಯುತ್ತಾನೆ ಎಂದೆ. ಬೆರಳು ತೋರಿಸಿದೆ. ಅವರು ಬರೆದುಕೊಂಡರು. ಕೇಳುವವರು ಸಿಕ್ಕರಲ್ಲ ಎಂದು ನನ್ನ ಎದೆ ಹಗುರವಾಯಿತು.

ಕಿವಿಗೆ ಮಷಿನ್ ಹಾಕಿಸಿಕೊಂಡು, ಕಾಗದ ಹಿಡಿದುಕೊಂಡು ಬಂದು ಮಾಸ್ತರನ ಮುಂದೆ ಇಟ್ಟೆ. ತಪ್ಪಾಯಿತು ಎಂಬ ಒಂದು ಮಾತು ಬರಬಹುದು ಎಂದು ಕಾದೆ. ಆತ ಕಾಗದ ಓದಿದ, ಮಡಚಿದ, ನನ್ನ ಕೈಗೆ ಕೊಟ್ಟ. ಇಂಥ ಮಕ್ಕಳಿಗೆ ಬೇರೆ ಊರಲ್ಲಿ ಬೇರೆ ಶಾಲೆ ಇರುತ್ತದೆ, ಅಲ್ಲಿಗೆ ಒಯ್ಯಿರಿ ಎಂದ. ಆರು ವರ್ಷದ ಮಗುವನ್ನು ಯಾವುದೋ ಊರಿನ ವಸತಿ ಶಾಲೆಯಲ್ಲಿ ಬಿಟ್ಟು ಬರಬೇಕು, ಇಲ್ಲವೇ ಕಂಡಕಿ ಸುತ್ತಲು ಹಚ್ಚಬೇಕು. ದೊಡ್ಡ ಬಾಯಾರು ನಡುವೆ ಬಂದು, ಗ್ಯಾದರಿಂಗ್ ಆಗಲಿ, ಆಮೇಲೆ ತೀರ್ಮಾನ ಮಾಡೋಣ, ಅಲ್ಲಿಯವರೆಗೆ ಬರುತ್ತಿರಲಿ ಎಂದರು. ಬೆರಳಿನ ವಿಚಾರ ಯಾರೂ ಎತ್ತಲಿಲ್ಲ.

ಗ್ಯಾದರಿಂಗ್ ಎಂದರೆ ನಮ್ಮ ಕಡೆ ಶಾಲೆಯ ವರ್ಷದ ಹಬ್ಬ. ಮಕ್ಕಳ ಹಾಡು, ಕುಣಿತ, ನಾಟಕ. ಓಣಿಯ ಓಣಿಯೇ ಬಂದು ಕೂರುತ್ತದೆ. ಅಂದು ಮನೆಗೆ ಬರುವಾಗಲೇ ನನ್ನ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ಬಾಯಾರ ಬಳಿ ಹೋಗಿ, ನನ್ನ ಮಗಳಿಗೆ ಹಾಡಲು ಬರುವುದಿಲ್ಲ, ನೆರಳಾಟ ಮಾಡುತ್ತಾಳೆ, ಪರದೆಗೆ ಬಟ್ಟೆ ನಮ್ಮ ಮಗ್ಗದ್ದೇ ಕೊಡುತ್ತೇನೆ ಎಂದು ಹಲ್ಲು ಕಿರಿದು ಒಪ್ಪಿಸಿದೆ. ಬಳೆಗಾರ್ತಿ, ಎಣ್ಣೆ ಡಬ್ಬಿ ಹಿಡಿದ ಮಗ್ಗದ ಮೇಸ್ತ್ರಿ, ಕಬ್ಬಿನ ಹೊರೆ ಹೊತ್ತವಳು, ಚಹಾದ ಅಂಗಡಿಯವ ಎಂದು ಪಟ್ಟಿ ಕೊಟ್ಟೆ. ಒಂದು ಹೆಸರನ್ನು ಪಟ್ಟಿಯಲ್ಲಿ ಹಾಕಲಿಲ್ಲ.

ಮೂರು ವಾರ ಮಧ್ಯಾಹ್ನದ ಬಿಸಿಲಿನಲ್ಲಿ ಹಿತ್ತಲ ಗೋಡೆಯ ಮುಂದೆ ನಾನು ಅವಳಿಗೆ ಮಾಸ್ತರನನ್ನು ಕಲಿಸಿದೆ. ಕಲಿಸಿದೆ ಎನ್ನುವುದು ನನ್ನ ಸೊಕ್ಕು. ಅವಳಿಗೆ ಎಲ್ಲ ಬರುತ್ತಿತ್ತು. ನಾನು ಅದಕ್ಕೆ ಒಗ್ಗರಣೆ ಹಾಕಿದೆ ಅಷ್ಟೆ. ಗಡಿಯಾರ ಇನ್ನೂ ನಿಧಾನಕ್ಕೆ ಸರಿಸು, ಭುಜ ಇನ್ನೂ ಇಳಿಸು, ತೊಡೆಗೆ ಬಡಿಯುವುದು ಎಲ್ಲರಿಗೂ ಕಾಣಬೇಕು. ಗೋಡೆಯ ಮೇಲಿನ ಪುಟ್ಟ ನೆರಳು ಆ ಗಂಡಸಾಗಿ ಬದಲಾಗುವುದನ್ನು ನೋಡುತ್ತ ನನ್ನ ಹೊಟ್ಟೆಯ ಉರಿಗೆ ತಂಪಾಗುತ್ತಿತ್ತು. ಅವಳಿಗೂ ಖುಷಿ. ನಾನು ಅಷ್ಟು ಹೊತ್ತು ಅವಳೊಬ್ಬಳನ್ನೇ ನೋಡುತ್ತ ಕೂತದ್ದು ಅದೇ ಮೊದಲು.

ಗ್ಯಾದರಿಂಗ್ ಸಂಜೆ ಶಾಲೆಯ ಅಂಗಳ ತುಂಬಿತ್ತು. ಮಾಸ್ತರ ಮೊದಲ ಸಾಲಿನ ಕುರ್ಚಿಯಲ್ಲಿ, ಅತಿಥಿಗಳ ಪಕ್ಕ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದ. ನಾನು ಬೇಕೆಂದೇ ಅವನ ಮುಖ ಕಾಣುವಂತೆ ಪಕ್ಕದಲ್ಲಿ ಹೆಂಗಸರ ನಡುವೆ ಜಾಗ ಹಿಡಿದೆ. ಪರದೆಯ ಹಿಂದೆ ಬಲ್ಬ್ ಹೊತ್ತಿತು. ಬಾಯಾರು ಮೈಕಿನಲ್ಲಿ, ಇದು ಯಾರು ಗುರುತಿಸಿ ಎಂದರು.

ತಲೆಯ ಮೇಲಿನ ಬುಟ್ಟಿಗೆ ಕೈ ಕೊಟ್ಟು ಸೊಂಟ ತಿರುಗಿಸುತ್ತ ಒಂದು ನೆರಳು ಬಂತು. ಬಳೆಗಾರ್ತಿ ಎಂದು ಹೆಂಗಸರೆಲ್ಲ ಕೂಗಿದರು. ಬಳೆಗಾರ್ತಿಯೇ ಅಲ್ಲಿ ಕೂತಿದ್ದಳು, ನಾಚಿ ಸೆರಗು ಬಾಯಿಗೆ ಹಿಡಿದಳು. ಮೇಸ್ತ್ರಿ ಬಂದ, ಚಹಾದವ ಬಂದ. ನನ್ನ ಮಗಳ ಎತ್ತರ ಮೂರೂವರೆ ಅಡಿ. ಬುಟ್ಟಿಯೂ ಇಲ್ಲ, ಡಬ್ಬಿಯೂ ಇಲ್ಲ. ಆದರೂ ಪ್ರತಿ ನೆರಳಿಗೂ ಊರು ಹೆಸರಿಟ್ಟಿತು.

ಆಮೇಲೆ ಎಡಭುಜ ಇಳಿದ ನೆರಳು ಬಂತು. ನಿಂತಿತು. ಗಡಿಯಾರದ ಪಟ್ಟಿಯನ್ನು ಮೇಲಕ್ಕೆ ಸರಿಸಿತು. ತೊಡೆಗೆ ಮೂರು ಸಲ ಬಡಿಯಿತು. ಆಮೇಲೆ ಇಡೀ ಶಾಲೆ ಒಂದೇ ದನಿಯಲ್ಲಿ ಮಾಸ್ತರ ಎಂದಿತು. ನೆರಳು ಇಲ್ಲದ ಫೂಟ್‌ಪಟ್ಟಿ ಎತ್ತಿ ಗಾಳಿಯಲ್ಲಿ ಬಾರಿಸಿದಾಗ ಒಂದನೇ ಇಯತ್ತೆಯ ಮಕ್ಕಳೆಲ್ಲ ತಮಗೆ ತಿಳಿಯದೆಯೇ ಕೈ ಹಿಂದಕ್ಕೆ ಎಳೆದುಕೊಂಡರು. ಅವರವರ ಅಪ್ಪ ಅವ್ವಂದಿರು ಅದನ್ನು ನೋಡಿದರು. ಮಾಸ್ತರನ ಬಲಗೈ ತಾನಾಗಿಯೇ ಎಡಗೈಯ ಗಡಿಯಾರಕ್ಕೆ ಹೋಗಿತ್ತು. ಪಕ್ಕದ ಅತಿಥಿ ಅದನ್ನು ಕಂಡು ಬಾಯಿ ಮುಚ್ಚಿಕೊಂಡು ನಕ್ಕ. ಮಾಸ್ತರ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಗಳ ನಡುವೆ ಸಿಕ್ಕಿಸಿಕೊಂಡು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ನಾನು ಕಣ್ತುಂಬ ನೋಡಿದೆ. ಸುಳ್ಳು ಯಾಕೆ ಹೇಳಲಿ, ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಬಲ್ಬ್ ಆರಬೇಕಿತ್ತು. ನಾನು ಕಲಿಸಿದ್ದು ಅಲ್ಲಿಗೆ ಮುಗಿದಿತ್ತು. ಆದರೆ ನೆರಳು ಹೋಗಲಿಲ್ಲ.

ಅದು ಬಗ್ಗಿ ನೆಲದ ಮೇಲೆ ಕೂತು, ಬೆನ್ನು ಮಾಡಿ ಏನೋ ಆಡತೊಡಗಿತು. ಒಂದು ಚಿಕ್ಕ ಹುಡುಗಿ ಎಂದು ಎಲ್ಲರಿಗೂ ತಿಳಿಯಿತು. ಆಮೇಲೆ ಎದ್ದು ಪರದೆಯ ಆ ತುದಿಗೆ ಹೋಗಿ ಹೆಂಗಸಾಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿತು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿತು. ತಲೆ ಮುಂದೆ ಮಾಡಿ ನಾಲ್ಕು ದೊಡ್ಡ ಹೆಜ್ಜೆ ಇಟ್ಟು ಬಂದು ಕೈ ಎತ್ತಿತು. ಒಂದು ಸಲ ಅಲ್ಲ. ಬೆನ್ನಿಗೆ, ತಲೆಯ ಹಿಂಬದಿಗೆ, ಮತ್ತೆ ಬೆನ್ನಿಗೆ. ಆಮೇಲೆ ನೆರಳು ಮತ್ತೆ ಕೂತ ಹುಡುಗಿಯಾಯಿತು. ಹುಡುಗಿ ಆಡುತ್ತಲೇ, ಎದುರಿಗೆ ಗೋಡೆ ಇದ್ದಂತೆ ಕತ್ತೆತ್ತಿ ಕದ್ದು ನೋಡಿತು, ತಟ್ಟನೆ ತಿರುಗಿತು, ಎರಡೂ ಕೈಯಿಂದ ತಲೆಯ ಹಿಂಬದಿ ಮುಚ್ಚಿಕೊಂಡಿತು.

ಯಾರೂ ಕೂಗಲಿಲ್ಲ. ನನ್ನ ಹಿಂದೆ ಕೂತಿದ್ದ ನೆರೆಮನೆಯಾಕೆ ತನ್ನ ಸೊಸೆಗೆ ಮೆಲ್ಲಗೆ, "ಇದು ಇಕಿ ಅವ್ವನ ಅಲ್ಲೇನ," ಎಂದದ್ದು ನನಗೆ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನನ್ನ ಸೀರೆಯ ನೆರಿಗೆ ಆಗಲೂ ಸೊಂಟಕ್ಕೆ ಸಿಕ್ಕಿಸಿಯೇ ಇತ್ತು. ಅದನ್ನು ಬಿಡಿಸಲು ಕೈ ಹಾಕಿದರೆ ಎಲ್ಲರೂ ನೋಡುತ್ತಾರೆಂದು ಹಾಗೆಯೇ ಕೂತೆ.

ಒಂದೆರಡು ಏಟು ಎಂದು ಮೇಲೆ ಬರೆದಿದ್ದೇನೆ. ಅಲ್ಲ. ವಾರಕ್ಕೆ ನಾಲ್ಕು ದಿನ. ಕರೆದರೆ ಬರಲಿಲ್ಲವೆಂದು, ಯಾವಾಗಲೂ ಹಿಂದಿನಿಂದ. ಮಾಸ್ತರ ಎದುರಿಗೆ ನಿಂತು ಹೊಡೆದ, ಅವಳಿಗೆ ಕಾಣುವಂತೆ. ನನ್ನ ಏಟು ಎಲ್ಲಿಂದ ಬಂತು, ಯಾಕೆ ಬಂತು ಎಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯಲು ಅವಳಿಗಿದ್ದುದು ಎದುರಿನ ಗೋಡೆಯ ಮೇಲೆ ಬೀಳುವ ನೆರಳೊಂದೇ. ಯಾವ ನೆರಳು ಸುಮ್ಮನೆ ಹಾದುಹೋಗುತ್ತದೆ, ಯಾವುದು ಕೈ ಎತ್ತುತ್ತದೆ ಎಂಬುದನ್ನು ಆ ಮಗು ಗೋಡೆ ನೋಡಿ ಕಲಿಯಿತು. ಓಣಿಗೆಲ್ಲ ಹೇಳಿಕೊಂಡು ಮೆರೆದ ಚುರುಕು, ಡಾಕ್ಟರು ಬೆರಗಾಗಿ ನೋಡಿದ ಚುರುಕು, ಅಷ್ಟನ್ನೂ ಅಲ್ಲಿ ಕಲಿತಳೆಂದು ನಾನು ಹೇಳುವುದಿಲ್ಲ. ಅರ್ಧವಾದರೂ ಅಲ್ಲಿಯದೇ.

ಮರುದಿನ ದೊಡ್ಡ ಬಾಯಾರು ಹೇಳಿಕಳಿಸಿದರು. ಹುಡುಗಿ ಇದೇ ಶಾಲೆಯಲ್ಲಿ ಇರಲಿ ಎಂದು ತೀರ್ಮಾನವಾಗಿತ್ತು. ಮಾಸ್ತರ ಅಲ್ಲೇ ನಿಂತಿದ್ದ. ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ, ಅವಳ ಕಡೆ ಮುಖ ಮಾಡಿ ಪಾಠ ಹೇಳುತ್ತೇನೆ ಎಂದು ಆತನೇ ಹೇಳಿದ. ನನ್ನನ್ನು ಕುಟುಕುವ ಮಾತು ಒಂದಾದರೂ ಆಡುತ್ತಾನೆ, ನಾನೂ ಎರಡು ಆಡುತ್ತೇನೆ ಎಂದು ತಯಾರಾಗಿ ಹೋಗಿದ್ದೆ. ಆಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಆತ ಹೇಳಿದಂತೆ ನಡೆದುಕೊಂಡ, ಫೂಟ್‌ಪಟ್ಟಿ ಬಿಟ್ಟ, ಮಾಸ್ತರ ಬಹಳ ಬದಲಾದ ಎಂದು ಊರು ಹೊಗಳಿತು. ನಾನು ಆತನನ್ನು ಕ್ಷಮಿಸಿಲ್ಲ. ತಿದ್ದಿಕೊಂಡ ಮಾತ್ರಕ್ಕೆ ಬಾತ ಬೆರಳಿನ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬ ನನ್ನ ನ್ಯಾಯವನ್ನು ನಾನು ಬಿಡುವುದಿಲ್ಲ. ಬಿಟ್ಟರೆ ನಾನೂ ಪಾರಾಗಿಬಿಡುತ್ತೇನೆ.

ಆಮೇಲೆ ಒಮ್ಮೆ, ಹಾಲು ಚೆಲ್ಲಿದ್ದಕ್ಕೋ ಏನೋ, ನನ್ನ ಕೈ ಎದ್ದಿತು. ಅವಳು ಬೆನ್ನು ಮಾಡಿ ಕೂತಿದ್ದಳು. ತಿರುಗಲಿಲ್ಲ. ಗೋಡೆಯನ್ನು ನೋಡುತ್ತ ಕಾಯುತ್ತಿದ್ದಳು. ನಾನು ಕೈ ಇಳಿಸಿ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅಂದಿನಿಂದ ಅವಳ ಹತ್ತಿರ ಹೋಗಬೇಕಾದರೆ ಸುತ್ತು ಹಾಕಿ ಎದುರಿನಿಂದ ಹೋಗುತ್ತೇನೆ.

ಈಗ ಅವಳು ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮಷಿನ್ ಹಾಕಿಕೊಂಡು, ತುಟಿ ನೋಡಿಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ, ಅಷ್ಟೆ. ಎಷ್ಟೋ ವರ್ಷ ನನ್ನೊಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕಳೆದ ತಿಂಗಳು ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. ಅಂದು ಗ್ಯಾದರಿಂಗ್‌ನಲ್ಲಿ ನನ್ನನ್ನು ಯಾಕೆ ಮಾಡಿ ತೋರಿಸಿದೆ ಎಂದೆ. ಸೇಡು ತೀರಿಸಿಕೊಳ್ಳಲು ಎಂದು ಅವಳು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಹೇಳಿದರೆ ನನ್ನ ಮಗಳೇ ಹೌದು ಎನಿಸುತ್ತಿತ್ತು, ನಾವಿಬ್ಬರೂ ಸಮ ಎನಿಸುತ್ತಿತ್ತು. ಅವಳು ನನ್ನ ಮುಖ ನೋಡುತ್ತ ಸ್ವಲ್ಪ ನೆನಪಿಸಿಕೊಂಡಳು.

"ಎಲ್ಲಾದಕ್ಕಿಂತ ಛಲೋ ಬರತಿದ್ದದ್ದು ನಿಂದ ಯವ್ವಾ," ಎಂದಳು. "ಅದಕ್ಕ ಕಡೀಕ ಇಟ್ಟಿದ್ದೆ."